ಫ್ರಿಜ್ ಮೇಲೆ ಉಳಿದ ಕವರ್

ತಂಗಿ, ನಿನ್ನ ಮೆಸೇಜ್ ಓದಿದೆ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಮೂರು ತಿಂಗಳಾಯಿತು, ಆಸ್ಪತ್ರೆ ಕೆಲಸಕ್ಕೆ ಹೊಂದಿಕೊಂಡೆ ಅಂತ ಬರೆದಿದ್ದೀಯ. ಖುಷಿಯಾಯಿತು. ಇಲ್ಲಿನ 2024ರ ಪಾರ್ಲಿಮೆಂಟ್ ಚುನಾವಣೆ ಬಗ್ಗೆ ಮೂರು ಪ್ರಶ್ನೆ ಕೇಳಿದ್ದೀಯ. ನೂರಕ್ಕೆ 34 ಮತ ಪಡೆದ ಲೇಬರ್ ಪಕ್ಷಕ್ಕೆ ಅಷ್ಟೊಂದು ಸೀಟು ಹೇಗೆ ಬಂತು? ನಮ್ಮ ಕರ್ನಾಟಕದ ಅಳಿಯ ರಿಷಿ ಸುನಕ್ ಅವರ ಕನ್ಸರ್ವೇಟಿವ್ ಪಕ್ಷ ಅಷ್ಟು ಕೆಟ್ಟದಾಗಿ ಯಾಕೆ ಸೋತಿತು? ನಮ್ಮಂಥವರು ಯಾವ ಪಕ್ಷದ ಕಡೆ ಇರಬೇಕು?

ಕೊನೆಯದನ್ನು ನಾನು ಹೇಳುವುದಿಲ್ಲ. ಅದು ನಿನ್ನ ಮನಸ್ಸಿಗೆ ಬಿಟ್ಟದ್ದು. ಕೆಲಸದ ಜಾಗದಲ್ಲೂ ಯಾರಿಗೆ ಹಾಕಿದಿರಿ ಅಂತ ಯಾರನ್ನೂ ಕೇಳಬೇಡ. ಊರಲ್ಲಿ ಕೇಳಿದ ಹಾಗೆ ಇಲ್ಲಿ ಕೇಳುವುದಿಲ್ಲ.

ಸೀಟಿನ ಲೆಕ್ಕ ನಿನಗೆ ಗೊತ್ತಿರುವುದೇ. ಕ್ಷೇತ್ರದಲ್ಲಿ ಯಾರಿಗೆ ಒಂದು ಮತ ಜಾಸ್ತಿಯೋ ಅವರು ಗೆದ್ದರು. 2018ರಲ್ಲಿ ನಮ್ಮ ವಿಧಾನಸಭೆಗೆ ಕಾಂಗ್ರೆಸ್‌ಗೆ ಮತ ಜಾಸ್ತಿ, ಬಿಜೆಪಿಗೆ ಸೀಟು ಜಾಸ್ತಿ ಬಂದಿತ್ತು, ನೆನಪಿದೆ ಅಲ್ವಾ? ಇಲ್ಲೂ ಅದೇ ಆಟ. 2017ರಲ್ಲಿ ಲೇಬರ್ ಶೇಕಡಾ 40ರಷ್ಟು ಮತ ಪಡೆದು 262 ಸೀಟು ಮಾತ್ರ ಗೆದ್ದು ಸೋತಿತು. 2024ರಲ್ಲಿ ಅದೇ ಪಕ್ಷಕ್ಕೆ ಸಿಕ್ಕಿದ್ದು ಶೇಕಡಾ 33.7. ಸೀಟು ಮಾತ್ರ 650ರಲ್ಲಿ 411! 2017ರಲ್ಲಿ ಎರಡು ದೊಡ್ಡ ಪಕ್ಷಗಳೇ ಸೇರಿ ನೂರಕ್ಕೆ 82 ಮತ ಹಂಚಿಕೊಂಡಿದ್ದವು. 2024ರಲ್ಲಿ ಅದು 57ಕ್ಕೆ ಇಳಿಯಿತು. ಎದುರಿನವರ ಮತ ಒಡೆದು ಹೋದರೆ ಕಡಿಮೆ ಮತದಲ್ಲೇ ಗೆಲ್ಲಬಹುದು. ರಿಫಾರ್ಮ್ ಪಕ್ಷಕ್ಕೆ ಶೇಕಡಾ 14.3 ಬಂದರೂ ಐದೇ ಸೀಟು. ಅದರ ಮತ ದೇಶದ ತುಂಬ ಚೆಲ್ಲಿತ್ತು. ಲಿಬರಲ್ ಡೆಮಾಕ್ರಾಟರು ಅದಕ್ಕಿಂತ ಕಡಿಮೆ, ಶೇಕಡಾ 12.2 ಪಡೆದು 72 ಗೆದ್ದರು. ತಮಗೆ ನೆಲೆ ಇರುವ ಕಡೆ ಮಾತ್ರ ಬೆವರು ಸುರಿಸಿದರು. ಇದೇ ಪಕ್ಷ 2010ರಲ್ಲಿ 57 ಗೆದ್ದು ಕನ್ಸರ್ವೇಟಿವ್ ಪಕ್ಷದ ಜೊತೆ ಸರ್ಕಾರ ಮಾಡಿ, ಕಾಲೇಜು ಫೀಸ್ ಏರಿಸಿ, 2015ರಲ್ಲಿ ಎಂಟಕ್ಕೆ ಬಿದ್ದಿತ್ತು. ಇಲ್ಲಿನ ಜನ ಶಿಕ್ಷೆ ಕೊಡುವಾಗ ಸಣ್ಣದಾಗಿ ಕೊಡುವುದಿಲ್ಲ.

ನಿನ್ನ ರೂಮು ಬೆಲ್‌ಗ್ರೇವ್ ಕಡೆ ಅಂದೆಯಲ್ಲ, ಅದು ಲೆಸ್ಟರ್ ಈಸ್ಟ್ ಕ್ಷೇತ್ರ. 1987ರಿಂದ ಪ್ರತಿ ಸಾರ್ವತ್ರಿಕ ಚುನಾವಣೆಯಲ್ಲೂ ಲೇಬರ್ ಗೆದ್ದಿದ್ದ ಜಾಗ. 2024ರಲ್ಲಿ ಲೇಬರ್ ದೇಶವನ್ನೇ ಗೆದ್ದರೂ ಅಲ್ಲಿ ಸೋತಿತು. ಅದೇ ಪಕ್ಷದಿಂದ ಹಿಂದೆ ಗೆದ್ದಿದ್ದ ಇಬ್ಬರು ಮಾಜಿ ಸಂಸದರು ಬೇರೆಯಾಗಿ ನಿಂತಿದ್ದರು. ಬಂಡಾಯ ಏನು ಮಾಡುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸುನಕ್ ಅವರ ವಿಷಯಕ್ಕೆ ಬಂದರೆ, ಅಳಿಯತನ ಇಲ್ಲಿ ಮತವಾಗುವುದಿಲ್ಲ. ಹದಿನಾಲ್ಕು ವರ್ಷದ ಆಡಳಿತ, ಐದು ಪ್ರಧಾನಿಗಳು, ಏರಿದ ಬೆಲೆ, ಆಸ್ಪತ್ರೆಯ ಸರದಿ. ಸರದಿಯನ್ನು ನೀನೇ ದಿನಾ ನೋಡುತ್ತೀಯ. 2019ರಲ್ಲಿ 365 ಇದ್ದ ಪಕ್ಷ 121ಕ್ಕೆ ಇಳಿಯಿತು. ಅವರು ಪ್ರಧಾನಿಯಾದ ದಿನ ನಾನೂ ಟಿವಿ ಮುಂದೆ ಕೂತು ಹೆಮ್ಮೆಪಟ್ಟಿದ್ದೆ, ಅದು ಬೇರೆ ಮಾತು.

ಇನ್ನು ನೀನು ಕೇಳದೇ ಇದ್ದ ಪ್ರಶ್ನೆ. ನಿನಗೆ ಇಲ್ಲಿ ಮತ ಇದೆ. ಗೊತ್ತಿತ್ತಾ? ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ವೀಸಾದಲ್ಲಿ ಇರುವಾಗಲೇ ಪಾರ್ಲಿಮೆಂಟ್ ಚುನಾವಣೆಯಲ್ಲಿ ಹಾಕಬಹುದು. ನಾವು ಕಾಮನ್‌ವೆಲ್ತ್ ದೇಶದವರು, ಅದಕ್ಕೆ.

ನನಗೆ ಇದು ಗೊತ್ತಿರಲಿಲ್ಲ. 2008ರಲ್ಲಿ ಮೈಸೂರಿನಿಂದ ಬಂದು ಲಂಡನ್ನಿನ ಬರ್ನ್ಟ್ ಓಕ್‌ನಲ್ಲಿ ಒಂದು ಮನೆಯನ್ನು ಹಂಚಿಕೊಂಡಿದ್ದೆವು. ನಾವಿಬ್ಬರು, ಒಂದು ತೆಲುಗು ಜೋಡಿ, ಮೇಲಿನ ರೂಮಿನಲ್ಲಿ ಇಬ್ಬರು ಹುಡುಗರು. ಮತಪಟ್ಟಿಯ ಫಾರ್ಮ್ ಇದ್ದ ಕಂದು ಕವರ್ ಒಂದು ಬಂತು. ಇದು ಇಲ್ಲಿನವರಿಗೆ, ನಮಗಲ್ಲ ಅಂತ ನಾನೇ ಅದನ್ನು ಫ್ರಿಜ್ ಮೇಲೆ, ಅಕ್ಕಿ ಚೀಲದ ಪಕ್ಕ ಇಟ್ಟೆ. ಒಡೆದೂ ನೋಡಲಿಲ್ಲ. 2010ರ ಚುನಾವಣೆಗೆ ಒಂದು ವಾರ ಇರುವಾಗ ಮತ ಕೇಳಲು ಒಬ್ಬ ಹೆಂಗಸು ಬಾಗಿಲು ತಟ್ಟಿದರು. ನಾವು ಇಂಡಿಯಾದವರು ಅಂದೆ. ಹಾಗಾದರೆ ನಿಮಗೂ ಮತ ಇದೆಯಲ್ಲ ಅಂದರು. ಹೆಸರು ಸೇರಿಸುವ ಕೊನೆ ದಿನ ಆಗಲೇ ಕಳೆದಿತ್ತು.

ಆ ಸಲ ನಮ್ಮ ಹೆಂಡನ್ ಕ್ಷೇತ್ರದಲ್ಲಿ ಗೆದ್ದವರ ಅಂತರ 106 ಮತ. ನಮ್ಮ ಒಂದೇ ಮನೆಯಲ್ಲಿ ಆರು ಮತ ಇತ್ತು. ಅಂಥ ಮನೆಗಳು ಆ ಬೀದಿಯಲ್ಲೇ ಎಷ್ಟೋ ಇದ್ದವು. ಆ ವರ್ಷದ ಪ್ರಚಾರದಲ್ಲಿ ವಲಸೆ ಬರುವವರನ್ನು ಕಡಿಮೆ ಮಾಡುವ ಮಾತು ಜೋರಾಗಿತ್ತು. ನಮ್ಮ ವೀಸಾ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು, ನಾವು ಮಾತ್ರ ಸುಮ್ನೆ ಕೂತಿದ್ದೆವು. ಯಾರಿಗೆ ಹಾಕುತ್ತಿದ್ದೆ ಅನ್ನುವುದು ಮುಖ್ಯ ಅಲ್ಲ. ಕೇಳದೇ, ಓದದೇ ನನ್ನದಲ್ಲ ಅಂತ ಬಿಟ್ಟೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಒಂದೂ ಬಿಟ್ಟಿಲ್ಲ. ಯುರೋಪ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ ಕೇಳಿದ 2016ರ ಬ್ರೆಕ್ಸಿಟ್ ಮತದಾನದಲ್ಲೂ ಭಾರತದ ಪಾಸ್‌ಪೋರ್ಟಿನವಳಾಗಿಯೇ ಹಾಕಿದೆ. ನಮಗಿಂತ ಮೊದಲೇ ಬಂದಿದ್ದ ಪಕ್ಕದ ಮನೆಯ ಪೋಲೆಂಡ್ ದಂಪತಿಗೆ ಅವತ್ತು ಮತ ಇರಲಿಲ್ಲ. 2024ರಲ್ಲಿ ಹೆಂಡನ್‌ನಲ್ಲಿ ಅಂತರ ಎಷ್ಟು ಗೊತ್ತಾ? 15. ನಮ್ಮ ಬೆಂಗಳೂರಿನ ಜಯನಗರದಲ್ಲಿ 2023ರಲ್ಲಿ 16 ಅಂತ ಘೋಷಿಸಿದ್ದರಲ್ಲ, ಅದಕ್ಕಿಂತ ಒಂದು ಕಡಿಮೆ! ಬೆಳಿಗ್ಗೆ ಫಲಿತಾಂಶ ನೋಡಿ ನಾನೂ ಯಜಮಾನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ರಜೆ ಇಲ್ಲ, ಸಾಮಾನ್ಯವಾಗಿ ಗುರುವಾರ. ಶಿಫ್ಟ್ ನೋಡಿಕೋ. ಫೋಟೋ ಇರುವ ಗುರುತು ಬೇಕು, ನಿನ್ನ ಭಾರತದ ಪಾಸ್‌ಪೋರ್ಟೇ ಸಾಕು. ಮಷೀನ್ ಇಲ್ಲ. ಕಾಗದದ ಮೇಲೆ ಪೆನ್ಸಿಲ್‌ನಿಂದ ಎರಡು ಓರೆ ಗೆರೆ, ಗುಣಿಸು ಚಿಹ್ನೆ ಹಾಗೆ. ಮಡಚಿ ಡಬ್ಬಿಗೆ ಹಾಕಿದರೆ ಮುಗಿಯಿತು.

ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. 2024ರ ಏಪ್ರಿಲ್ 26ರಂದು ಅಮ್ಮ ಮತ ಹಾಕಿ ಬಂದು ಬೆರಳಿನ ಫೋಟೋ ಕಳಿಸಿದ್ದಳು. ಜುಲೈ 4ರಂದು ನಾನೂ ಶಾಲೆಯ ಗೇಟಿಗೆ ಕಟ್ಟಿದ್ದ ಮತಗಟ್ಟೆ ಬೋರ್ಡಿನ ಫೋಟೋ ಕಳಿಸಿದೆ. "ಬೆರಳು ತೋರಿಸೇ" ಅಂದಳು. ತೋರಿಸಲು ಏನೂ ಇರಲಿಲ್ಲ. ಇಲ್ಲಿನ ಪಾಸ್‌ಪೋರ್ಟ್ ತೆಗೆದುಕೊಂಡ ಮೇಲೆ ಊರಲ್ಲಿ ನನಗೆ ಮತ ಇಲ್ಲ. ನಿನಗೆ ಇನ್ನೂ ಇದೆ. ಪಾಸ್‌ಪೋರ್ಟ್ ಬದಲಿಸುವ ದಿನ ಬಂದಾಗ ಇದನ್ನೂ ಒಂದು ಸಲ ಯೋಚಿಸು.

ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಅದೇ ಇಲ್ಲಿನ ತೆರಿಗೆ, ಪಿಂಚಣಿ ಲೆಕ್ಕದ ನಂಬರ್, ಬಂತು ಅಂದೆಯಲ್ಲ. ಆನ್‌ಲೈನ್‌ನಲ್ಲಿ ಹೆಸರು ಸೇರಿಸಲು ಅದನ್ನೇ ಕೇಳುತ್ತಾರೆ. ಈ ಭಾನುವಾರ ಕೂತು ಮುಗಿಸು. ನಿನ್ನ ರೂಮ್‌ಮೇಟ್ ಹುಡುಗಿಯರದ್ದೂ ಮಾಡಿಸು. ಆದಮೇಲೆ ನನಗೊಂದು ಮೆಸೇಜ್ ಹಾಕು.