67 ಗೆದ್ದಿತು, 73 ಸೋತಿತು: ಕಂಪನಿ ಮುಖ್ಯಸ್ಥರ ಸಂಬಳದ ಲೆಕ್ಕ

ಪ್ರಶ್ನೆ: ಬೆಂಗಳೂರಿನ ಐಟಿ ಕಂಪನಿಯೊಂದರ 60 ಷೇರುಗಳು ನನ್ನ ಬಳಿ ಇವೆ. ಈ ಸಲದ ವಾರ್ಷಿಕ ವರದಿ ತಿರುವಿ ಹಾಕುವಾಗ, ಅದರ ಮುಖ್ಯಸ್ಥರ ಸಂಭಾವನೆ ಹತ್ತಾರು ಕೋಟಿ ಎಂದೂ ಅದು ಸಾಮಾನ್ಯ ನೌಕರರ ಸಂಬಳದ ನೂರಾರು ಪಟ್ಟು ಎಂದೂ ಓದಿ ದಂಗಾದೆ. ಇದನ್ನು ಗೊತ್ತು ಮಾಡುವವರು ಯಾರು? ಮುಖ್ಯಸ್ಥರೇ ನಿರ್ದೇಶಕ ಮಂಡಳಿಯಲ್ಲಿರುವಾಗ ತಮ್ಮ ಸಂಬಳವನ್ನು ತಾವೇ ಬರೆದುಕೊಂಡಂತಾಗುವುದಿಲ್ಲವೇ? ಇದಕ್ಕೊಂದು ಮಿತಿ ಬೇಡವೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ತಮ್ಮ ಅನುಮಾನ ಕಾನೂನು ಮಾಡಿದವರಿಗೂ ಇತ್ತು. ಆ ಕಾರಣಕ್ಕೇ 2013ರ ಕಂಪನಿ ಕಾಯ್ದೆಯ 178ನೇ ಕಲಂ, ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯಲ್ಲೂ ನಾಮನಿರ್ದೇಶನ ಮತ್ತು ಸಂಭಾವನಾ ಸಮಿತಿ ಇರಲೇಬೇಕೆಂದು ವಿಧಿಸಿದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮ ಇನ್ನೂ ಬಿಗಿ. ಸಮಿತಿಯಲ್ಲಿ ಕನಿಷ್ಠ ಮೂವರಿರಬೇಕು, ಅವರಲ್ಲಿ ಯಾರೊಬ್ಬರೂ ಕಂಪನಿಯ ದೈನಂದಿನ ಆಡಳಿತ ನಡೆಸುವವರಾಗಿರಬಾರದು, 2022ರ ಜನವರಿಯಿಂದೀಚೆಗೆ ಮೂರರಲ್ಲಿ ಎರಡು ಪಾಲು ಸದಸ್ಯರು ಸ್ವತಂತ್ರ ನಿರ್ದೇಶಕರೇ, ಅಂದರೆ ಕಂಪನಿಯೊಂದಿಗಾಗಲಿ ಅದರ ಒಡೆಯರೊಂದಿಗಾಗಲಿ ಹಣದ ನಂಟಿಲ್ಲದವರೇ ಆಗಿರಬೇಕು. ಕಂಪನಿಯ ಅಧ್ಯಕ್ಷರು ಸದಸ್ಯರಾಗಬಹುದಾದರೂ ಸಮಿತಿಯ ಅಧ್ಯಕ್ಷತೆ ವಹಿಸುವಂತಿಲ್ಲ. ಸಮಿತಿಯ ಶಿಫಾರಸು ಮಂಡಳಿಯ ಮುಂದೆ ಬಂದಾಗ ಸಂಬಂಧಪಟ್ಟವರು ಎದ್ದು ಹೊರಗೆ ಹೋಗುವುದು ರೂಢಿ. ಆದ್ದರಿಂದ ಮುಖ್ಯಸ್ಥರು ತಮ್ಮ ಸಂಬಳ ತಾವೇ ಬರೆದುಕೊಳ್ಳುತ್ತಾರೆ ಎನ್ನಲಾಗದು.

ಆದರೆ ಅವರು ಹೊರಗಿದ್ದರೂ ಅಂಕಿ ಮೇಲಕ್ಕೇ ಏರುತ್ತದೆ. ನಾನು ಕಂಪನಿ ಕಾರ್ಯದರ್ಶಿಯಾಗಿ ಇಂಥ ಸಭೆಗಳ ನಡಾವಳಿ ಬರೆದವನು. ಒಮ್ಮೆ ಹೊರಗಿನ ಸಲಹಾ ಸಂಸ್ಥೆಯವರು ಹೋಲಿಕೆಗೆಂದು 14 ಕಂಪನಿಗಳ ಪಟ್ಟಿ ತಂದು, ನಮ್ಮ ವ್ಯವಸ್ಥಾಪಕ ನಿರ್ದೇಶಕರು ಮಧ್ಯದ ಸಾಲಿಗಿಂತ ಕೆಳಗಿದ್ದಾರೆಂದು ಪರದೆಯ ಮೇಲೆ ತೋರಿಸಿದರು. ವಯಸ್ಸಾದ ಸ್ವತಂತ್ರ ನಿರ್ದೇಶಕರೊಬ್ಬರು ಕನ್ನಡಕ ಒರೆಸಿಕೊಂಡು, "ಇದರಲ್ಲಿ ನಮಗಿಂತ ಚಿಕ್ಕ ಕಂಪನಿ ಯಾವುದು?" ಎಂದು ಕೇಳಿದರು. ಒಂದೂ ಇರಲಿಲ್ಲ. ತಮ್ಮ ಮುಖ್ಯಸ್ಥರು ಮಧ್ಯದ ಸಾಲಿಗಿಂತ ಮೇಲಿರಬೇಕೆಂದು ಎಲ್ಲ ಮಂಡಳಿಗಳೂ ಬಯಸಿದರೆ ವರ್ಷದಿಂದ ವರ್ಷಕ್ಕೆ ಆ ಸಾಲೇ ಏರುತ್ತ ಹೋಗುತ್ತದೆ. ಇದರಲ್ಲಿ ಯಾರ ದುರಾಸೆಯೂ ಇರಬೇಕೆಂದಿಲ್ಲ. ಸಮಿತಿಯ ನಿಜವಾದ ಕೆಲಸವಿರುವುದು ಆ ಪಟ್ಟಿಯನ್ನು ಪ್ರಶ್ನಿಸುವುದರಲ್ಲಿ ಎಂಬುದು ನನ್ನ ಅಭಿಪ್ರಾಯ.

ಇನ್ನು ತಾವು ಓದಿದ ಅಂಕಿಯನ್ನು ಬಿಡಿಸಿ ನೋಡಬೇಕು. ಇನ್ಫೋಸಿಸ್ ಮುಖ್ಯಸ್ಥ ಸಲೀಲ್ ಪಾರೇಖ್ ಅವರಿಗೆ 2023-24ರಲ್ಲಿ ಬಂದದ್ದು ಸುಮಾರು 66.25 ಕೋಟಿ ರೂಪಾಯಿ. ಅದರಲ್ಲಿ ತಿಂಗಳ ಸಂಬಳವೆಂದು ನಾವು ಕರೆಯುವ ಭಾಗ ಸುಮಾರು 7 ಕೋಟಿ ಮಾತ್ರ. ವರ್ಷದ ಸಾಧನೆಗೆ ಕೊಡುವ ಬೋನಸ್ 19.75 ಕೋಟಿ, ಉಳಿದದ್ದರಲ್ಲಿ 39.03 ಕೋಟಿ, ಹಿಂದೆ ಮಂಜೂರಾಗಿದ್ದ ಷೇರುಗಳನ್ನು ಆ ವರ್ಷ ಪಡೆದುಕೊಂಡಾಗ ಅವುಗಳಿಗಿದ್ದ ಬೆಲೆ. ಅಂದರೆ ದೊಡ್ಡ ತುಂಡು ಆ ವರ್ಷದ ತೀರ್ಮಾನವೇ ಅಲ್ಲ. ಎಷ್ಟು ಷೇರು, ಯಾವ ಷರತ್ತಿಗೆ, ಎಷ್ಟು ವರ್ಷದ ನಂತರ ಎಂಬುದನ್ನು ಮಂಡಳಿ ಹಿಂದೆಯೇ ಬರೆದಿಟ್ಟಿರುತ್ತದೆ, ಆಮೇಲೆ ಪೇಟೆಯ ಬೆಲೆ ತನ್ನ ಕೆಲಸ ಮಾಡುತ್ತದೆ. ಆದ್ದರಿಂದ ಮೊತ್ತ ನೋಡಿ ಸಿಟ್ಟಾಗುವುದಕ್ಕಿಂತ ಷರತ್ತು ಓದುವುದು ಉಪಯುಕ್ತ. ಸುಮ್ಮನೆ ಹುದ್ದೆಯಲ್ಲಿ ಉಳಿದರೆ ಸಿಗುವ ಷೇರು ಎಷ್ಟು, ಗುರಿ ಮುಟ್ಟಿದರೆ ಮಾತ್ರ ಸಿಗುವುದು ಎಷ್ಟು ಎಂದು ನೋಡಿರಿ. ಮೊದಲನೆಯದು ಹೆಚ್ಚಿದ್ದರೆ ಅದು ಸಂಬಳವೇ, ವೇಷ ಮಾತ್ರ ಬೇರೆ.

ಮಿತಿ ಇದೆ. 197ನೇ ಕಲಮಿನಂತೆ ಒಬ್ಬ ವ್ಯವಸ್ಥಾಪಕ ನಿರ್ದೇಶಕರಿಗೆ ನಿವ್ವಳ ಲಾಭದ ಶೇ 5, ಅಂಥವರು ಒಬ್ಬರಿಗಿಂತ ಹೆಚ್ಚಿದ್ದರೆ ಎಲ್ಲರಿಗೂ ಸೇರಿ ಶೇ 10, ಒಟ್ಟು ನಿರ್ದೇಶಕರೆಲ್ಲರಿಗೂ ಶೇ 11. ವರ್ಷಕ್ಕೆ 20,000 ಕೋಟಿ ಲಾಭ ಮಾಡುವ ಕಂಪನಿಗೆ ಶೇ 5 ಎಂದರೆ 1,000 ಕೋಟಿ ಆಗುವುದರಿಂದ, ದೊಡ್ಡ ಕಂಪನಿಗಳಿಗೆ ಈ ಬೇಲಿ ಕಣ್ಣಿಗೂ ಬೀಳದಷ್ಟು ದೂರದಲ್ಲಿದೆ; ಅದು ತಾಗುವುದು ಲಾಭ ಕಡಿಮೆಯಾದ ಅಥವಾ ನಷ್ಟದಲ್ಲಿರುವ ಕಂಪನಿಗಳಿಗೆ. ಮೊದಲು ಅಂಥವರು ಅನುಮತಿಗಾಗಿ ದೆಹಲಿಯ ಬಾಗಿಲು ತಟ್ಟಬೇಕಿತ್ತು. 2018ರ ಸೆಪ್ಟೆಂಬರ್ 12ರಿಂದ ಆ ಅಧಿಕಾರ ಸರ್ಕಾರದ ಕೈಬಿಟ್ಟು ಷೇರುದಾರರ ವಿಶೇಷ ನಿರ್ಣಯಕ್ಕೆ (ಚಲಾವಣೆಯಾದ ಮತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಬೇಕಾದದ್ದು) ಬಂದಿದೆ. ತಾವು ಕಂಡ "ನೂರಾರು ಪಟ್ಟು" ಎಂಬ ಅಂಕಿಯನ್ನು ಪ್ರಕಟಿಸುವುದೂ ಅದೇ 197ನೇ ಕಲಮಿನಿಂದ ಬಂದ ಕಡ್ಡಾಯ. ಎಲ್ಲ ನೌಕರರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಸಂಬಳದ ಜೊತೆ ಆ ಹೋಲಿಕೆ. ಹೊಸಬರನ್ನು ಸಾವಿರಗಟ್ಟಲೆ ಸೇರಿಸಿಕೊಳ್ಳುವ ಐಟಿ ಕಂಪನಿಯಲ್ಲಿ ಆ ನಡುವಿನವರು ಕೆಳಗೇ ಇರುತ್ತಾರಾದ್ದರಿಂದ ಪಟ್ಟು ದೊಡ್ಡದಾಗಿ ಕಾಣುವುದು ಸಹಜ.

ಪ್ರಶ್ನೆ: ತಂದೆಯ ನಂತರ ಮಗ ವ್ಯವಸ್ಥಾಪಕ ನಿರ್ದೇಶಕರಾಗುವ ಕುಟುಂಬದ ಕಂಪನಿಗಳಲ್ಲಿ ನಮ್ಮಂಥ ಸಣ್ಣ ಷೇರುದಾರರ ಮತಕ್ಕೆ ಬೆಲೆ ಉಂಟೇ? ಇ-ವೋಟಿಂಗ್‌ನ ಮಿಂಚಂಚೆ ಬಂದರೆ ನಾನು ಅಳಿಸಿಬಿಡುತ್ತೇನೆ.
– ಜವಳಿ ವ್ಯಾಪಾರಿ, ದಾವಣಗೆರೆ

ಉತ್ತರ: ದಯವಿಟ್ಟು ಅಳಿಸಬೇಡಿ. ಮತದ ಬೆಲೆ, ನಿರ್ಣಯ ಸಾಮಾನ್ಯವೋ ವಿಶೇಷವೋ ಎಂಬುದರ ಮೇಲೆ ನಿಂತಿದೆ. ಸಾಮಾನ್ಯ ನಿರ್ಣಯಕ್ಕೆ ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಕು. ವಿಶೇಷ ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಗಮನಿಸಿ, ಚಲಾವಣೆಯಾದ ಮತಗಳಲ್ಲಿ. ಮನೆಯಲ್ಲಿ ಕೂತವರನ್ನು ಯಾರೂ ಎಣಿಸುವುದಿಲ್ಲ.

ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಡುತ್ತೇನೆ. 2017ರಲ್ಲಿ ಇನ್ಫೋಸಿಸ್ ತನ್ನ ಮುಖ್ಯ ಕಾರ್ಯಾಚರಣಾಧಿಕಾರಿ ಯು.ಬಿ. ಪ್ರವೀಣ್ ರಾವ್ ಅವರ ಸಂಭಾವನೆ ಹೆಚ್ಚಳವನ್ನು ಅಂಚೆ ಮತಕ್ಕೆ ಹಾಕಿತು. ಬಹುಪಾಲು ನೌಕರರಿಗೆ ಶೇ 6ರಿಂದ 8ರಷ್ಟು ಏರಿಕೆ ಕೊಟ್ಟು ಮೇಲಿನವರಿಗೆ ಶೇ 60-70ರಷ್ಟು ಕೊಡುವುದು ಸರಿಯಲ್ಲವೆಂದು ಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಆದರೂ ಸುಮಾರು ಶೇ 67ರಷ್ಟು ಮತ ಪರವಾಗಿ ಬಿದ್ದು ನಿರ್ಣಯ ಗೆದ್ದಿತು, ಏಕೆಂದರೆ ಅದು ಸಾಮಾನ್ಯ ನಿರ್ಣಯ. ನಾಲ್ಕು ವರ್ಷಗಳ ನಂತರ, 2021ರ ಆಗಸ್ಟ್‌ನಲ್ಲಿ, ರಾಯಲ್ ಎನ್‌ಫೀಲ್ಡ್ ಬೈಕ್ ತಯಾರಿಸುವ ಐಷರ್ ಮೋಟಾರ್ಸ್‌ನ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಭಾವನೆಗೆ ಸುಮಾರು ಶೇ 73ರಷ್ಟು ಮತ ಬಂದಿತು, ಆದರೂ ಬಿದ್ದುಹೋಯಿತು, ಏಕೆಂದರೆ ಅದು ವಿಶೇಷ ನಿರ್ಣಯ. ಪ್ರವರ್ತಕ, ಅಂದರೆ ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡ ಕುಟುಂಬದ ಕೈಯಲ್ಲಿ ಸುಮಾರು ಅರ್ಧದಷ್ಟು ಷೇರುಗಳಿದ್ದ ಕಂಪನಿ ಅದು. ಸಂಭಾವನೆಯ ಮಿತಿಯನ್ನು ಲಾಭದ ಶೇ 3ರಿಂದ ಶೇ 1.5ಕ್ಕೆ ಇಳಿಸಿಕೊಂಡು ಮಂಡಳಿ ಮತ್ತೆ ಷೇರುದಾರರ ಮುಂದೆ ಬರಬೇಕಾಯಿತು.

ಪ್ರವರ್ತಕರ ವಿಚಾರದಲ್ಲಿ ಸೆಬಿ 2019ರ ಏಪ್ರಿಲ್‌ನಿಂದ ಬೇರೆಯೇ ಗೆರೆ ಎಳೆದಿದೆ. ಪ್ರವರ್ತಕ ಗುಂಪಿನ ಕಾರ್ಯನಿರ್ವಾಹಕ ನಿರ್ದೇಶಕರೊಬ್ಬರ ವಾರ್ಷಿಕ ಸಂಭಾವನೆ 5 ಕೋಟಿ ರೂಪಾಯಿ ಅಥವಾ ನಿವ್ವಳ ಲಾಭದ ಶೇ 2.5, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದರೆ, ಇಲ್ಲವೇ ಅಂಥವರು ಇಬ್ಬರು ಮೂವರಿದ್ದು ಒಟ್ಟು ಮೊತ್ತ ಲಾಭದ ಶೇ 5ನ್ನು ದಾಟಿದರೆ, ವಿಶೇಷ ನಿರ್ಣಯ ಬೇಕೇ ಬೇಕು.

ತಮ್ಮ ಒಂದು ಮತದಿಂದ ಏನೂ ಆಗದೆನ್ನುವಿರಾ? ಐಷರ್ ಪ್ರಕರಣದಲ್ಲಿ ತಕ್ಕಡಿ ತಿರುಗಿಸಿದವರು ಸಾಂಸ್ಥಿಕ ಹೂಡಿಕೆದಾರರು, ಅಂದರೆ ಜನರ ಹಣವನ್ನು ಒಟ್ಟುಗೂಡಿಸಿ ಷೇರು ಕೊಳ್ಳುವ ಫಂಡ್‌ಗಳಂಥ ಸಂಸ್ಥೆಗಳು. ಮ್ಯೂಚುವಲ್ ಫಂಡ್‌ಗೆ ಕಂತುಕಂತಾಗಿ ಕಟ್ಟುವ ತಮ್ಮ ಎಸ್‌ಐಪಿಯ ಹಣ ಇರುವುದೂ ಅವರಂಥವರ ಬಳಿಯೇ. ಕಂಪನಿಗಳ ನಿರ್ಣಯಗಳಿಗೆ ಮ್ಯೂಚುವಲ್ ಫಂಡ್‌ಗಳು ಮತ ಹಾಕಲೇಬೇಕೆಂದು ಸೆಬಿ ಕಡ್ಡಾಯ ಮಾಡಿದೆ. ಯಾವ ನಿರ್ಣಯಕ್ಕೆ ಪರ, ಯಾವುದಕ್ಕೆ ವಿರುದ್ಧ, ಕಾರಣವೇನು ಎಂಬುದನ್ನು ಅವು ತಮ್ಮ ಜಾಲತಾಣದಲ್ಲಿ ಹಾಕುತ್ತವೆ. ತಮ್ಮ ಫಂಡಿನವರು ಹೇಗೆ ಮತ ಹಾಕಿದ್ದಾರೆಂದು ಒಮ್ಮೆ ತೆರೆದು ನೋಡಿ. ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿದ್ದು, ಮಹಾಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಸಭೆಯ ನೋಟಿಸಿನ ಹಿಂಭಾಗದಲ್ಲಿ ಸಣ್ಣ ಅಕ್ಷರಗಳ ವಿವರಣಾ ಟಿಪ್ಪಣಿ ಇರುತ್ತದೆ, ಸಂಬಳದ ಷರತ್ತುಗಳೆಲ್ಲ ಅಲ್ಲಿಯೇ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಓದಿ ಮುಗಿಸಬಹುದು.

ಪ್ರಶ್ನೆ: ತಪ್ಪು ಲೆಕ್ಕ ತೋರಿಸಿ ಬೋನಸ್ ಪಡೆದವರಿಂದ ಹಣ ವಾಪಸ್ ಪಡೆಯಲು ಸಾಧ್ಯವೇ?
– ವಾಣಿಜ್ಯ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಾಧ್ಯ, ಆದರೆ ಕೈಸೇರಿದ ಹಣವನ್ನು ಬಿಡಿಸಿಕೊಳ್ಳುವುದು ಸುಲಭವಲ್ಲ. ಐಸಿಐಸಿಐ ಬ್ಯಾಂಕಿನ ಮಂಡಳಿ 2019ರ ಜನವರಿಯಲ್ಲಿ, ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರು ನಡೆಸಿದ ವಿಚಾರಣೆಯ ವರದಿ ಬಂದ ಬಳಿಕ, ಆಗಲೇ ಹುದ್ದೆ ಬಿಟ್ಟಿದ್ದ ಬ್ಯಾಂಕಿನ ಮುಖ್ಯಸ್ಥೆ ಚಂದಾ ಕೊಚ್ಚರ್ ಅವರಿಗೆ 2009ರ ಏಪ್ರಿಲ್‌ನಿಂದ 2018ರ ಮಾರ್ಚ್‌ವರೆಗೆ ಕೊಟ್ಟಿದ್ದ ಬೋನಸ್‌ಗಳನ್ನು ಹಿಂಪಡೆಯಲು ತೀರ್ಮಾನಿಸಿತು. ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅದಕ್ಕಿಂತ ಹಣವನ್ನು ತಡೆದು ಕೊಡುವುದೇ ಜಾಣತನ. ಖಾಸಗಿ ಬ್ಯಾಂಕುಗಳ ಮುಖ್ಯಸ್ಥರಿಗೆ 2020ರ ಏಪ್ರಿಲ್‌ನಿಂದ ಅನ್ವಯವಾಗುವ ರಿಸರ್ವ್ ಬ್ಯಾಂಕ್ ನಿಯಮ ಮಾಡಿದ್ದು ಅದನ್ನೇ: ಸಂಭಾವನೆಯಲ್ಲಿ ಕನಿಷ್ಠ ಅರ್ಧ ಸಾಧನೆಗೆ ಕಟ್ಟಿದ್ದಾಗಿರಬೇಕು, ಆ ಅರ್ಧದಲ್ಲಿ ಕನಿಷ್ಠ ಶೇ 60ನ್ನು ಮೂರು ವರ್ಷಗಳಿಗೆ ಕಡಿಮೆಯಿಲ್ಲದಂತೆ ಹಂಚಿ ಕೊಡಬೇಕು. ಕೊಟ್ಟ ಸಾಲ ಹುಳುಕೆಂದು ಗೊತ್ತಾಗಲು ಅಷ್ಟು ಕಾಲ ಬೇಕೇ ಬೇಕು.

ಉಳಿದ ಕಂಪನಿಗಳಿಗೆ ಹಣ ಹಿಂಪಡೆಯಲು ಕಂಪನಿ ಕಾಯ್ದೆಯ 199ನೇ ಕಲಂ ಇದೆ, ಆದರೆ ವಂಚನೆ ಅಥವಾ ನಿಯಮ ಉಲ್ಲಂಘನೆಯ ಕಾರಣಕ್ಕೆ ಲೆಕ್ಕಪತ್ರ ತಿದ್ದಬೇಕಾಗಿ ಬಂದಾಗ ಮಾತ್ರ ಅದಕ್ಕೆ ಕೆಲಸ. ನ್ಯೂಯಾರ್ಕ್ ಷೇರುಪೇಟೆಯಲ್ಲೂ ಇರುವ ನಮ್ಮ ಇನ್ಫೋಸಿಸ್, ವಿಪ್ರೊಗಳಿಗೆ 2023ರ ಕೊನೆಯಿಂದ ಅಮೆರಿಕದ ಇನ್ನೂ ಕಟ್ಟುನಿಟ್ಟಾದ ನಿಯಮವೂ ಸೇರಿಕೊಂಡಿದೆ: ಲೆಕ್ಕದಲ್ಲಿ ಗಣನೀಯ ತಪ್ಪು ಸಿಕ್ಕಿ ತಿದ್ದುಪಡಿಯಾದರೆ, ಆ ಅಧಿಕಾರಿಯದು ತಪ್ಪಿರಲಿ ಇಲ್ಲದಿರಲಿ, ಹಿಂದಿನ ಮೂರು ಪೂರ್ಣ ವರ್ಷಗಳಲ್ಲಿ ತಪ್ಪು ಅಂಕಿಯ ಆಧಾರದ ಮೇಲೆ ಹೆಚ್ಚಾಗಿ ಸಂದದ್ದನ್ನು ಕಂಪನಿ ಹಿಂಪಡೆಯಬೇಕು.