ಬೆಟ್ಟ ಯಾರ ಸುಪರ್ದಿಯಲ್ಲಿದೆ? ಚಾರಣ ನಡೆಸುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮತ್ತು ನನ್ನ ಇಬ್ಬರು ಗೆಳೆಯರು ವಾರಾಂತ್ಯಗಳಲ್ಲಿ ಹೊರ ಊರುಗಳಿಂದ ಬರುವವರನ್ನು ತಲೆಗಿಷ್ಟು ಎಂದು ಹಣ ಪಡೆದು ಕೋಟೆ ತೋರಿಸಲು ಮತ್ತು ಜೋಗಿಮಟ್ಟಿಯ ಕಡೆ ಚಾರಣಕ್ಕೆ ಕರೆದೊಯ್ಯುತ್ತೇವೆ. ನಗರಸಭೆಯ ಉದ್ದಿಮೆ ಪರವಾನಗಿ ಇದೆ, ಉದ್ಯಮ್ ನೋಂದಣಿಯೂ ಆಗಿದೆ. ಇಷ್ಟಾದರೂ ಈಚೆಗೆ ಒಂದು ಅರಣ್ಯದ ಗೇಟಿನಲ್ಲಿ ನಮ್ಮ ತಂಡವನ್ನು ತಡೆದು ವಾಪಸು ಕಳಿಸಿದರು. ಹಿಂದೆ ಅದೇ ದಾರಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಮಗೆ ಇನ್ನಾವ ಅನುಮತಿ ಬೇಕು?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಮ್ಮ ಬಳಿ ಇರುವ ಎರಡೂ ಕಾಗದಗಳು ನೀವು ಒಂದು ಉದ್ದಿಮೆ ನಡೆಸುತ್ತಿದ್ದೀರಿ ಎಂದಷ್ಟೇ ಹೇಳುತ್ತವೆ, ಅದನ್ನು ಯಾವ ಜಾಗದಲ್ಲಿ ನಡೆಸಬಹುದು ಎಂಬುದನ್ನು ಆ ಜಾಗ ಯಾರ ಸುಪರ್ದಿಯಲ್ಲಿದೆಯೋ ಅವರೇ ಹೇಳಬೇಕು. ನೀವು ಹೆಸರಿಸಿರುವ ಎರಡು ಜಾಗಗಳು ಒಂದರ ಪಕ್ಕ ಒಂದಿದ್ದರೂ ಎರಡು ಬೇರೆ ಬೇರೆ ಕಾನೂನುಗಳಿಗೆ ಒಳಪಟ್ಟಿವೆ.

ಮೊದಲು ಕೋಟೆಯ ವಿಚಾರ. ಏಳು ಸುತ್ತಿನ ಕೋಟೆಯು ಕೇಂದ್ರ ಸಂರಕ್ಷಿತ ಸ್ಮಾರಕವಾದ್ದರಿಂದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರಡಿ 1959ರಲ್ಲಿ ರಚನೆಯಾದ ನಿಯಮಗಳು ಅಲ್ಲಿಗೆ ಅನ್ವಯಿಸುತ್ತವೆ. ಬಾಗಿಲಲ್ಲಿ ಕೊಳ್ಳುವ ಟಿಕೆಟ್ಟಿನಿಂದ ನೋಡುಗರಿಗೆ ಪ್ರವೇಶ ದೊರೆಯುತ್ತದೆಯೇ ವಿನಾ ಅವರನ್ನು ಹಣಕ್ಕೆ ಕರೆದೊಯ್ಯುವವರಿಗೆ ಅದರಿಂದ ಯಾವ ಹಕ್ಕೂ ಬರುವುದಿಲ್ಲ. ಹಣ ಪಡೆದು ಸಂದರ್ಶಕರಿಗೆ ಸಂರಕ್ಷಿತ ಸ್ಮಾರಕವನ್ನು ಸುತ್ತಿ ತೋರಿಸುವುದಕ್ಕೆ ಪುರಾತತ್ವ ಅಧಿಕಾರಿಯ ಲೈಸೆನ್ಸ್ ಇರಬೇಕೆಂದು ಆ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಸ್ಮಾರಕದೊಳಗೆ ಜಾಹೀರಾತು ಹಾಕುವುದಕ್ಕೂ ಇದೇ ಷರತ್ತು. ಗೊತ್ತುಪಡಿಸಿದ ಜಾಗದ ಹೊರತು ಅಡುಗೆ ಮಾಡುವಂತಿಲ್ಲ, ಸಭೆ ಸಮಾರಂಭಗಳನ್ನು ಲಿಖಿತ ಅನುಮತಿಯಿಲ್ಲದೆ ನಡೆಸುವಂತಿಲ್ಲ. ಸಾಮಾನ್ಯವಾಗಿ ಸ್ಮಾರಕಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿರುವುದರಿಂದ, ಈಗ ಬಹಳ ಮಂದಿ ಪ್ರಚಾರ ಮಾಡುತ್ತಿರುವ ಹುಣ್ಣಿಮೆ ರಾತ್ರಿಯ ಚಾರಣವನ್ನು ಕೋಟೆಯೊಳಗೆ ಏರ್ಪಡಿಸುವ ಯೋಚನೆ ನಿಮಗಿದ್ದರೆ ಅದನ್ನು ಕೈಬಿಡಿ.

ಬಂಡೆ ಹತ್ತಿಸುವವರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು. ಕೋಟೆಯ ಬಂಡೆಗೋ ಗೋಡೆಗೋ ಹಗ್ಗ ಕಟ್ಟಲು ಮೊಳೆ ಹೊಡೆಯುವುದು ಸ್ಮಾರಕಕ್ಕೆ ಹಾನಿ ಮಾಡಿದಂತೆ. 2010ರ ತಿದ್ದುಪಡಿಯ ನಂತರ ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅದೇ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗಿನ ಪ್ರದೇಶ ಕಟ್ಟಡ ಕೆಲಸಕ್ಕೆ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಸಲಕರಣೆ ಇಡಲು ಕೋಟೆಯ ಬುಡದಲ್ಲಿ ಒಂದು ಶೆಡ್ ಎಬ್ಬಿಸೋಣವೆಂದು ಹೊರಡುವವರು ಈ ಅಳತೆಯನ್ನು ನೆನಪಿಡಬೇಕು. ಜಾಗ ಸ್ವಂತದ್ದಾದರೂ ವಿನಾಯಿತಿ ಇಲ್ಲ.

ಜೋಗಿಮಟ್ಟಿಯ ವಿಚಾರ ಬೇರೆ. ಮೀಸಲು ಅರಣ್ಯವಾಗಿದ್ದ ಆ ಪ್ರದೇಶ ಈಗ ವನ್ಯಜೀವಿ ಧಾಮವಾಗಿದೆ. ಹಿಂದೆ ಕೇಳದವರು ಈಗ ಏಕೆ ಕೇಳುತ್ತಾರೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರದ ಬಹುಪಾಲು ಇಲ್ಲಿದೆ. ಹಾಗೆಂದು ಹಿಂದೆ ಮುಕ್ತ ಪ್ರವೇಶವಿತ್ತೆಂದಲ್ಲ: 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಮೀಸಲು ಅರಣ್ಯವನ್ನು ಅಕ್ರಮವಾಗಿ ಪ್ರವೇಶಿಸುವುದು ಅಂದೂ ಅಪರಾಧವೇ ಆಗಿತ್ತು, ಸಿಬ್ಬಂದಿ ಕಂಡೂ ಕಾಣದಂತಿದ್ದರು ಅಷ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮು ಧಾಮದೊಳಗಿನ ಪ್ರವೇಶವನ್ನು ನಿರ್ಬಂಧಿಸುತ್ತದೆ. ಮುಂದಿನ 28ನೇ ಕಲಮು ಪ್ರವಾಸೋದ್ಯಮ, ಛಾಯಾಗ್ರಹಣ, ಅಧ್ಯಯನ ಮುಂತಾದ ಉದ್ದೇಶಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಶುಲ್ಕ ಮತ್ತು ಷರತ್ತುಗಳ ಮೇಲೆ ಪರವಾನಗಿ ಕೊಡಬಹುದೆನ್ನುತ್ತದೆ. ಪ್ರವಾಸೋದ್ಯಮ ಎಂಬ ಪದ ಕಾಯ್ದೆಯಲ್ಲೇ ಇರುವುದರಿಂದ ನಿಮ್ಮ ಅರ್ಜಿಯನ್ನು ಕೇಳಬಾರದ್ದನ್ನು ಕೇಳಿದಂತೆ ಯಾರೂ ನೋಡಬೇಕಾಗಿಲ್ಲ. ದಾರಿ, ದಿನ, ತಂಡದ ಗರಿಷ್ಠ ಸಂಖ್ಯೆ, ಹೊರಡುವ ಮತ್ತು ಹಿಂತಿರುಗುವ ಹೊತ್ತು ಇವನ್ನೆಲ್ಲ ಬರೆದು, ನಕ್ಷೆಯೊಂದನ್ನು ಲಗತ್ತಿಸಿ, ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಲಿಖಿತ ಹಿಂಬರಹ ಕೇಳಿ. ಗೇಟಿನ ಕಾವಲುಗಾರರ ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಮುಂಗಡ ಹಣ ಪಡೆಯುವುದೇ ಈ ವೃತ್ತಿಯವರ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ. ಆ ಕಾವಲುಗಾರರು ವರ್ಗವಾದ ದಿನ ನಿಮ್ಮ ಅನುಮತಿಯೂ ಅವರ ಜೊತೆಗೇ ಹೋಗುತ್ತದೆ.

ಅರಣ್ಯ ವಿಹಾರ ಜಾಲತಾಣದ ಬಗ್ಗೆಯೂ ಒಂದು ಮಾತು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ಮುಗಿಬಿದ್ದ ಬಳಿಕ ಸರ್ಕಾರವು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಈ ಜಾಲತಾಣವನ್ನು ಆರಂಭಿಸಿತು. ಅದರಲ್ಲಿ ಹೆಸರಿಸಿರುವ ದಾರಿಗಳಿಗೆ ಮಾತ್ರ ಅಲ್ಲಿನ ಟಿಕೆಟ್ ಸಲ್ಲುತ್ತದೆ. ಒಂದು ದಾರಿಯ ಟಿಕೆಟ್ ಹಿಡಿದು ಇನ್ನೊಂದು ಗುಡ್ಡ ಹತ್ತಿಸಿದರೆ ಟಿಕೆಟ್ ಇಲ್ಲದೆ ಹತ್ತಿಸಿದಂತೆಯೇ ಲೆಕ್ಕ.

ಪ್ರಶ್ನೆ: ಚಳ್ಳಕೆರೆಯ ಸುತ್ತಲಿನ ಕಾವಲುಗಳಲ್ಲಿ ಪಕ್ಷಿ ವೀಕ್ಷಕರಿಗೆ ಗೈಡ್ ಆಗಿ ಕೆಲಸ ಮಾಡುತ್ತೇನೆ. ಇವು ಸರ್ಕಾರಿ ಹುಲ್ಲುಗಾವಲುಗಳಾದ್ದರಿಂದ ಯಾರು ಬೇಕಾದರೂ ಹೋಗಬಹುದಲ್ಲವೇ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಸರ್ಕಾರಿ ಜಾಗವೆಂದರೆ ಸರ್ವರಿಗೂ ತೆರೆದ ಜಾಗ ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳ ಮೇವಿಗೆಂದು ಕಾದಿರಿಸಿದ ಭೂಮಿಗಳು. ಅವುಗಳಲ್ಲಿ ಕೆಲವು ಪಶುಪಾಲನಾ ಇಲಾಖೆಯಲ್ಲಿ ಉಳಿದಿವೆ, ಕೆಲವು ಬೇರೆ ಇಲಾಖೆಗಳ ಕೈಗೆ ಹೋಗಿವೆ. ನಿಮ್ಮ ತಾಲ್ಲೂಕಿನಲ್ಲಂತೂ ಕುದಾಪುರ, ವರವು ಮತ್ತು ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗೆ ಮಂಜೂರಾಗಿದೆ; ಅದರ ವಿರುದ್ಧ ಕುರಿಗಾಹಿಗಳು ಮತ್ತು ಪರಿಸರವಾದಿಗಳು ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ನಿಮಗೆ ತಿಳಿದೇ ಇದೆ. ತಲೆಮಾರುಗಳಿಂದ ಕುರಿ ಮೇಯಿಸಿದವರನ್ನೇ ಗೋಡೆಯ ಹೊರಗಿಟ್ಟಿರುವಾಗ ದುರ್ಬೀನು ಹಿಡಿದ ಅತಿಥಿಗಳಿಗೆ ರಿಯಾಯಿತಿ ನಿರೀಕ್ಷಿಸುವುದು ಕಷ್ಟ. ರಕ್ಷಣಾ ಮತ್ತು ಅಣುಶಕ್ತಿ ಸಂಸ್ಥೆಗಳ ಆವರಣದ ಹತ್ತಿರ ದೊಡ್ಡ ಲೆನ್ಸಿನ ಕ್ಯಾಮೆರಾ ಅಥವಾ ಡ್ರೋನ್ ಬಳಸುವ ಪ್ರಮಾದವನ್ನು ನಿಮ್ಮ ಅತಿಥಿಗಳು ಮಾಡದಂತೆ ಮೊದಲೇ ತಿಳಿಸಿ. ಉಳಿದ ಕಾವಲುಗಳಿಗೆ ಹೋಗುವ ಮುನ್ನ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ, ಅದರಲ್ಲಿ ನಮೂದಾಗಿರುವ ಇಲಾಖೆಗೆ ಪತ್ರ ಬರೆಯಿರಿ.

ಪ್ರಶ್ನೆ: ಸೂಳೆಕೆರೆಯ ಬಳಿಯ ಗೋಮಾಳದಲ್ಲಿ ಡೇರೆ ಹಾಕಿ ಶಿಬಿರ ನಡೆಸಲು ನಮ್ಮ ಗ್ರಾಮ ಪಂಚಾಯಿತಿ ಠರಾವು ಮಾಡಿಕೊಡಲು ಸಿದ್ಧವಿದೆ. ಅಷ್ಟು ಸಾಕೇ?
– ಓದುಗರೊಬ್ಬರು, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ

ಉತ್ತರ: ಸಾಲದು. ಗೋಮಾಳವು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಊರ ದನಕರುಗಳಿಗೆಂದು ಮೀಸಲಿಟ್ಟ ಸರ್ಕಾರಿ ಭೂಮಿ. ಅದನ್ನು ಖಾಸಗಿ ಉದ್ದಿಮೆಗೆ ಬಿಟ್ಟುಕೊಡುವ ಅಧಿಕಾರ ಪಂಚಾಯಿತಿಗಿಲ್ಲ. ಠರಾವನ್ನು ನಂಬಿ ಹೂಡಿದ ಹಣವನ್ನು ತಹಶೀಲ್ದಾರರ ಒಂದು ತೆರವು ನೋಟಿಸು ಮಣ್ಣುಪಾಲು ಮಾಡಬಲ್ಲದು. ಕೆರೆಯ ನೀರಿನಲ್ಲಿ ದೋಣಿ ಇಳಿಸುವ ಆಲೋಚನೆಯಿದ್ದರೆ ನೀರಾವರಿ ಅಧಿಕಾರಿಗಳ ಒಪ್ಪಿಗೆ ಪ್ರತ್ಯೇಕವಾಗಿ ಬೇಕು, ಏಕೆಂದರೆ ಚಿತ್ರದುರ್ಗದವರೆಗೂ ಕುಡಿಯಲು ಹೋಗುವುದು ಇದೇ ಕೆರೆಯ ನೀರು. ಇದಕ್ಕಿಂತ ಹತ್ತಿರದ ರೈತರ ಹಿಡುವಳಿ ಜಮೀನನ್ನು ಬರವಣಿಗೆಯ ಕರಾರಿನ ಮೇಲೆ ಪಡೆಯುವುದು ಮೇಲು. ಆಗಲೂ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸುವುದಕ್ಕೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆ ಆಗಬೇಕೆಂಬುದನ್ನು ಮರೆಯದೆ, ಮುಂಗಡ ಕೊಡುವ ಮೊದಲು ಆ ಜಮೀನಿನ ಪಹಣಿ ಮತ್ತು ನಕ್ಷೆಯನ್ನು ನಾಡಕಚೇರಿಯಲ್ಲಿ ಪರಿಶೀಲಿಸಿಕೊಳ್ಳಿ. ಇದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಧಾಮದ ಬದಿಯಲ್ಲಿ ಜಾಗ ನೋಡುತ್ತಿರುವ ಓದುಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಸರ್ವೆ ನಂಬರ್ ಧಾಮದ ಗಡಿಯೊಳಗೋ ಅಥವಾ ಅದರ ಅಂಚಿನ ನಿರ್ಬಂಧಿತ ಪ್ರದೇಶದಲ್ಲೋ ಬರುತ್ತದೆಯೇ ಎಂದು ಅರಣ್ಯ ಇಲಾಖೆಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.