ಮೂರು ಇಂಚಿನ ಮಂಜುಗಡ್ಡೆಯ ಮೇಲೆ ಗಾಳ ಹಾಕಲು ಹೋಗಬಹುದೇ?

ದಡದ ಬಳಿ ಕೊರೆದಾಗ ಮಂಜುಗಡ್ಡೆ 3 ಇಂಚು ದಪ್ಪವಿತ್ತು, ಆಮೇಲೆ ಹಿಮ ಬಿದ್ದಿದೆ, ನಾಳೆ ಒಬ್ಬನೇ ಸರೋವರದ ನಡುವಿಗೆ ಹೋಗಿ ಮೀನು ಹಿಡಿಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹೋಗಬೇಡಿ.

ನಡೆದು ಹೋಗಲು ಕನಿಷ್ಠ 4 ಇಂಚು, ಅಂದರೆ ಸುಮಾರು 10 ಸೆಂಟಿಮೀಟರ್ ದಪ್ಪದ ತಿಳಿಯಾದ ಹೊಸ ಮಂಜುಗಡ್ಡೆ ಬೇಕೆಂಬುದು ರೂಢಿಯ ಅಳತೆ; ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಗಡ್ಡೆಗೆ ಅದರ ಅರ್ಧದಷ್ಟೇ ಬಲವಿರುವುದರಿಂದ ಅಲ್ಲಿ ಇಮ್ಮಡಿ ದಪ್ಪ ಬೇಕು. ಹೊಸದಾಗಿ ಬಿದ್ದ ಹಿಮವು ಕಂಬಳಿಯಂತೆ ಹೊದ್ದುಕೊಂಡು, ಕೆಳಗಿನ ಗಡ್ಡೆ ಬೇಗ ಬಲಿಯದಂತೆ ತಡೆಯುತ್ತದೆ, ಬಿರುಕುಗಳನ್ನೂ ಮುಚ್ಚಿಡುತ್ತದೆ. ದಡದ ಅಳತೆ ನಡುವಿಗೆ ಅನ್ವಯಿಸುವುದಿಲ್ಲ; ತೊರೆ ಬಂದು ಸೇರುವಲ್ಲಿ, ಒರತೆಯ ಮೇಲೆ, ಜೊಂಡಿನ ಸುತ್ತ ಗಡ್ಡೆ ತೆಳುವಾಗಿರುತ್ತದೆ.

ಮುಂದೆ ದಪ್ಪ ಸಾಕಷ್ಟಾದಾಗಲೂ ಜೊತೆಗೊಬ್ಬರನ್ನು ಕರೆದುಕೊಂಡು, ಪರಸ್ಪರ ಅಂತರವಿಟ್ಟು, ಕಬ್ಬಿಣದ ಹಾರೆಯಿಂದ ಮುಂದಿನ ಹೆಜ್ಜೆಯ ಜಾಗವನ್ನು ಕುಟ್ಟಿ ನೋಡುತ್ತಾ ಸಾಗಿರಿ. ಲೈಫ್ ಜಾಕೆಟ್ ತೊಟ್ಟಿರಬೇಕು. ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೇರಲು ಬೇಕಾದ, ಹಿಡಿಯಿರುವ ಎರಡು ಚೂಪಾದ ಮೊಳೆಗಳು ಚೀಲದಲ್ಲಲ್ಲ, ಕೊರಳಲ್ಲೇ ತೂಗುತ್ತಿರಬೇಕು, ಏಕೆಂದರೆ ಒದ್ದೆಯಾದ ಕೈಗವಸು ಗಡ್ಡೆಯ ನುಣುಪಾದ ಅಂಚಿನಲ್ಲಿ ಎಷ್ಟು ಒತ್ತಿದರೂ ಜಾರುತ್ತಲೇ ಇರುತ್ತದೆ.

ಅಕಸ್ಮಾತ್ ಬಿದ್ದರೆ, ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಬರಲು ಬಿಡಿ. ಅನಂತರ ಕೈಕಾಲು ಹಿಡಿತದಲ್ಲಿರುವುದು ಸುಮಾರು 10 ನಿಮಿಷ ಮಾತ್ರ. ನಿಮ್ಮ ಭಾರವನ್ನು ಅದುವರೆಗೆ ಹೊತ್ತಿದ್ದ, ನೀವು ನಡೆದುಬಂದ ದಿಕ್ಕಿಗೇ ತಿರುಗಿ, ಮೊಳೆ ಊರಿ, ಕಾಲುಗಳನ್ನು ಹಿಂದಕ್ಕೆ ಜೋರಾಗಿ ಬಡಿಯುತ್ತಾ ಹೊಟ್ಟೆಯ ಮೇಲೆ ಜಾರಿಕೊಂಡು ಮೇಲೆ ಬನ್ನಿ. ಮೇಲೆ ಬಂದ ತಕ್ಷಣ ಎದ್ದು ನಿಲ್ಲದೆ, ಗಟ್ಟಿ ಗಡ್ಡೆ ಸಿಗುವವರೆಗೂ ಉರುಳಿಕೊಂಡೇ ಹೋಗಿ.